ಪೂಜೆ ಸೈಕಲ್ಲಿಗೆ ಬಣ್ಣ ಹೊಡೆಸಬೇಕೋ ಬೇಡವೋ

ಐದು ತಿಂಗಳಿಂದ ನಮ್ಮ ಮನೆಯಲ್ಲಿ ಇದೊಂದೇ ಚರ್ಚೆ. ನನ್ನ ಗಂಡನನ್ನು ಕೇಳಿದರೆ ಅದು ಚರ್ಚೆಯೇ ಅಲ್ಲ, ಊಟದ ಮೇಜಿನ ಮೇಲೆ ಸೈಕಲ್ ಸಾಮಾನು ಹರಡಿಕೊಳ್ಳೋಕೆ ನಾನು ಕಂಡುಕೊಂಡ ನೆಪ.

ನಾವಿರುವುದು ಫ್ರಾನ್ಸಿನ ಲಿಯೋನ್‌ನಲ್ಲಿ, ಕ್ರುವಾ-ರೂಸ್ ಅನ್ನುವ ಗುಡ್ಡದ ಮೇಲೆ. ಹಿಂದೆ ರೇಷ್ಮೆ ನೇಯುವವರು ಇದ್ದ ಜಾಗ. ಎತ್ತರದ ಮಗ್ಗ ಹಿಡಿಸಬೇಕಲ್ಲ ಅಂತ ಇಲ್ಲಿನ ಹಳೆ ಮನೆಗಳ ಚಾವಣಿ ನಾಲ್ಕು ಮೀಟರ್ ಎತ್ತರಕ್ಕಿದೆ. ಎತ್ತರ ಬೇಕಾದಷ್ಟಿದೆ, ಅಗಲ ಇಲ್ಲ. ಸೈಕಲ್ ಎಲ್ಲಿಡೋದು ಅಂತ ಕೇಳಿದಾಗಲೆಲ್ಲ ನನ್ನ ಗಂಡ ಮೇಲಕ್ಕೆ ಕೈ ತೋರಿಸುತ್ತಾರೆ, ನೇತುಹಾಕು ಅಂತ.

ಅಕ್ಟೋಬರಿನಲ್ಲಿ ಕೆಳಗಿನ ಮನೆಯ ಅಜ್ಜ ಮನೆ ಖಾಲಿ ಮಾಡಿದರು. ಲಿಫ್ಟಿಲ್ಲದ ಕಟ್ಟಡ, ಅವರಿಗೆ ಎಂಬತ್ತರ ಹತ್ತಿರ. ವಿಲ್‌ಫ್ರಾಂಶ್‌ನಲ್ಲಿರುವ ಮಗಳು ತಮ್ಮ ಮನೆಯ ಹತ್ತಿರದ ವೃದ್ಧಾಶ್ರಮದಲ್ಲಿ ಜಾಗ ಹಿಡಿದಿದ್ದರು. ಹೋಗುವ ಮುಂಚಿನ ದಿನ ಅಜ್ಜ ಮೆಟ್ಟಿಲು ಹತ್ತಿ ಬಂದು, ಏದುಸಿರು ಬಿಡುತ್ತಾ, ಒಂದು ಬೀಗದಕೈ ಕೊಟ್ಟರು. "ಮದಾಮ್, ನೀವು ಸೈಕಲ್ ತುಳಿಯುತ್ತೀರಲ್ವಾ? ನೆಲಮಾಳಿಗೆಯಲ್ಲಿ ಒಂದಿದೆ. ಬೇಕಾದರೆ ತಗೊಳ್ಳಿ. ಬೇಡ ಅಂದ್ರೆ ಕಸದವರಿಗೆ ಹಾಕಿ."

ನಾನು ತುಳಿಯುವುದು ಊರಿನ ಬಾಡಿಗೆ ಸೈಕಲ್ಲು, ವೆಲೋವ್. 2005ರಿಂದ ಇಲ್ಲಿ ಬೀದಿಬೀದಿಯಲ್ಲಿ ನಿಂತಿರುತ್ತವೆ. ಬೆಳಿಗ್ಗೆ ಗುಡ್ಡ ಇಳಿದು, ರೋನ್ ನದಿಯ ದಂಡೆ ಹಿಡಿದು ಜೆರ್ಲಾನ್‌ನಲ್ಲಿರುವ ನಮ್ಮ ಲ್ಯಾಬ್ ಸೇರುತ್ತೇನೆ. ಸಂಜೆ ಮೆಟ್ರೋ. ಅಂದರೆ ಸೈಕಲ್ಲಿನ ಅಗತ್ಯ ನನಗೆ ಇರಲೇ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ನನ್ನ ಗಂಡ ಇದನ್ನು ಓದುತ್ತಾರೆ.

ನೆಲಮಾಳಿಗೆಯಲ್ಲಿ ದೀಪ ಹಾಕಿದೆ. ನೀರಿನ ಪೈಪಿಗೆ ಒರಗಿ ನಿಂತಿತ್ತು. ಕಡು ನೀಲಿ, ಬಾಗಿದ ಹ್ಯಾಂಡಲ್ಲು, ಅದಕ್ಕೆ ಸುತ್ತಿದ ಬಟ್ಟೆ ಟೇಪು ಕರ್ರಗಾಗಿ ಬೆವರಿನ ಉಂಡೆ ಕಟ್ಟಿತ್ತು. ಟೈರು ಎರಡೂ ನೆಲಕ್ಕೆ ಅಂಟಿದ್ದವು. ಮುಂಭಾಗದಲ್ಲಿ ಪುಟ್ಟ ಲೋಹದ ಬಿಲ್ಲೆ, ಅದರ ಮೇಲೆ ಸಿಂಹ. ಪ್ಯೂಜೊ!

ಪ್ಯೂಜೊ ಅಂದರೆ ನಮ್ಮವರಿಗೆ ಕಾರು. ಆದರೆ ಈ ಮನೆತನ ಕಾರಿಗಿಂತ ಮುಂಚೆ, 1882ರಲ್ಲೇ ಸೈಕಲ್ ಮಾಡಲು ಕೈಹಾಕಿತ್ತು. ಅದಕ್ಕೂ ಮುಂಚೆ ಗರಗಸ, ಕಾಫಿಬೀಜ ಪುಡಿ ಮಾಡುವ ಗಿರಣಿ, ಮೆಣಸು ಪುಡಿ ಮಾಡುವ ಗಿರಣಿ. ಸಿಂಹದ ಗುರುತು ಬಂದದ್ದು ಗರಗಸದಿಂದ. ಅಜ್ಜನ ಅಡುಗೆಮನೆಯಲ್ಲಿ ಪ್ಯೂಜೊ ಕಾಫಿ ಗಿರಣಿ ಇತ್ತು, ಮರದ ಪೆಟ್ಟಿಗೆ, ಮೇಲೆ ತಿರುಗಿಸುವ ಹಿಡಿ. ಅದನ್ನು ಮಗಳು ತಗೊಂಡು ಹೋದರು. ನಿಜ ಹೇಳಬೇಕಂದ್ರೆ ನನ್ನ ಕಣ್ಣು ಮೊದಲು ಬಿದ್ದದ್ದು ಅದರ ಮೇಲೆ.

ಸೈಕಲ್ಲನ್ನು ಅಜ್ಜ 1974ರಲ್ಲಿ ಕೊಂಡಿದ್ದು. ಆಗ ಲಿಯೋನ್ ಪಕ್ಕದ ವೆನಿಸ್ಯೂದ ಬೆರ್ಲಿಯೆ ಲಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರಂತೆ. ಮರುವರ್ಷ ಬರ್ನಾರ್ ತೆವೆನೆ ಅನ್ನುವವರು ಪ್ಯೂಜೊ ತಂಡದ ಕಪ್ಪು-ಬಿಳಿ ಚೌಕಳಿಯ ಅಂಗಿ ಹಾಕಿಕೊಂಡು ಟೂರ್ ದ ಫ್ರಾನ್ಸ್ ಸೈಕಲ್ ರೇಸ್ ಗೆದ್ದರು. ಅದಕ್ಕೆ ಮುಂಚೆ ಐದು ಸಲ ಗೆದ್ದಿದ್ದ ಎಡ್ಡಿ ಮರ್ಕ್ಸ್ ಪ್ರಾ-ಲೂ ಬೆಟ್ಟದ ಏರಿನಲ್ಲಿ ಸುಸ್ತಾಗಿ ಹಿಂದೆ ಬಿದ್ದ ವರ್ಷ ಅದು. ಈ ಕಥೆಯನ್ನು ಅಜ್ಜ ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ಹೇಳುತ್ತಿದ್ದರು. ಹೇಳುವಾಗ ಅದು ತಮ್ಮ ಸೈಕಲ್ಲೇ ಅನ್ನುವ ಧಾಟಿ ಇರುತ್ತಿತ್ತು.

ಹಾಗಾಗಿ ನನಗೂ ಆಸೆ ಹುಟ್ಟಿತು. ಪ್ಯೂಜೊ ಸೈಕಲ್ಲುಗಳಲ್ಲಿ ಪಿಎಕ್ಸ್-10 ಅಂತ ಒಂದು ದೊಡ್ಡ ಮಾಡೆಲ್. ರೇನಾಲ್ಡ್ಸ್ 531 ಅನ್ನುವ ಇಂಗ್ಲಿಷ್ ಉಕ್ಕಿನ ಕೊಳವೆ, ರೇಸಿನವರು ಓಡಿಸುತ್ತಿದ್ದದ್ದು. ಅದಾಗಿದ್ದರೆ ಬೆಲೆಯೂ ಇದೆ, ಮರ್ಯಾದೆಯೂ ಇದೆ. ನನ್ನ ಸೈಕಲ್ಲಿನ ಮೇಲೆ ಒಂದೇ ಒಂದು ಸ್ಟಿಕ್ಕರ್ ಇರಲಿಲ್ಲ. ಐವತ್ತು ವರ್ಷದಲ್ಲಿ ಉದುರಿಹೋಗಿರಬೇಕು ಅಂದುಕೊಂಡೆ. ಸ್ಟಿಕ್ಕರ್ ಇಲ್ಲದಿದ್ದರೂ ಪತ್ತೆ ಹಚ್ಚಲು ಒಂದು ದಾರಿ ಇದೆ. ಸೀಟಿನ ಕೊಳವೆ ಹೊರಗೆಳೆದು ಅಳೆಯುವುದು. ಫ್ರೇಮಿನ ಕೊಳವೆ ಒಳ್ಳೆ ಉಕ್ಕಿನದಾದರೆ ಗೋಡೆ ತೆಳ್ಳಗಿರುತ್ತದೆ, ಒಳಗೆ ಜಾಗ ಜಾಸ್ತಿ, ಸೀಟಿನ ಕೊಳವೆ ದಪ್ಪ. ಪಿಎಕ್ಸ್-10ಕ್ಕೆ 26.4 ಮಿಲಿಮೀಟರ್. ಲ್ಯಾಬಿನಿಂದ ವರ್ನಿಯರ್ ಅಳತೆಗೋಲು ತಂದು ಅಳೆದೆ. 24.

ಮತ್ತೆ ಅಳೆದೆ. 24.

ಅಂದರೆ ಸಾದಾ ಸೈಕಲ್ಲು. ಸಾವಿರಾರು ಜನ ಕೊಂಡ, ಭಾನುವಾರ ತುಳಿದ, ಆಮೇಲೆ ನೆಲಮಾಳಿಗೆಗೆ ಹಾಕಿದ ಸೈಕಲ್ಲು. ಪೆಡಲ್ ಕಡೆ ನೋಡಿದ್ದರೇ ಸಾಕಿತ್ತು. ಪೆಡಲ್ ಹಿಡಿದಿರುವ ತೋಳು, ಅಂದರೆ ಕ್ರ್ಯಾಂಕು, ಉಕ್ಕಿನದು, ಕಾಟರ್ ಪಿನ್ ಅನ್ನುವ ಬೆಣೆ ಹೊಡೆದು ಅಚ್ಚಿಗೆ ಕೂರಿಸಿದ್ದು. ದೊಡ್ಡ ಮಾಡೆಲಿಗೆ ಅಲ್ಯೂಮಿನಿಯಂ ಕ್ರ್ಯಾಂಕು, ಪಿನ್ನೇ ಇರುವುದಿಲ್ಲ.

ವಿಚಿತ್ರ ಏನಂದ್ರೆ ಆ ಪಿನ್ ನೋಡಿದ ಮೇಲೆಯೇ ಸೈಕಲ್ಲು ನನಗೆ ಹತ್ತಿರ ಅನಿಸಿದ್ದು.

ಅರಸೀಕೆರೆಯಲ್ಲಿ ನಮ್ಮಪ್ಪನದು ಸೈಕಲ್ ಶಾಪ್. ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಎರಡು ಬಾಗಿಲಿನ ಮಳಿಗೆ, ಮುಂದೆ ಬಾಡಿಗೆ ಸೈಕಲ್ಲು ಸಾಲಾಗಿ ನಿಂತಿರುತ್ತಿದ್ದವು, ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು. ಶಾಲೆ ಬಿಟ್ಟ ಮೇಲೆ ನನ್ನ ಕೆಲಸ ಬೇರಿಂಗಿನ ಬಾಲ್ಸ್ ತೊಳೆಯುವುದು. ಸೀಮೆಎಣ್ಣೆ ತಟ್ಟೆಯಲ್ಲಿ ಹಾಕಿ, ತೊಳೆದು, ಎಣಿಸಿ, ಗುಳಿ ಬಿದ್ದದ್ದನ್ನು ಬೇರೆ ಮಾಡುವುದು. ಹತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಒಂದು ಹರ್ಕ್ಯುಲಿಸ್ ಪೂರ್ತಿ ಬಿಚ್ಚಿ ಜೋಡಿಸಲು ಬರುತ್ತಿತ್ತು. ಆಯುಧಪೂಜೆಗೆ ಎರಡು ವಾರ ಇರುವಾಗ ಶಾಪಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಎಲ್ಲರಿಗೂ ಓವರಾಯಿಲಿಂಗ್ ಬೇಕು, ಬಣ್ಣ ಬೇಕು. ಓವರ್‌ಹಾಲಿಂಗ್ ಅಂತ ಅದರ ಸರಿಯಾದ ಹೆಸರು ಅನ್ನೋದು ನನಗೆ ಗೊತ್ತಾಗಿದ್ದು ಕಾಲೇಜಿಗೆ ಹೋದ ಮೇಲೆ. ಹಳೆ ಬಣ್ಣದ ಮೇಲೆಯೇ ಎಮರಿ ಪೇಪರ್ ಆಡಿಸಿ, ಕುಂಚದಲ್ಲಿ ಎನಾಮೆಲ್ ಬಳಿದು, ಹಗ್ಗಕ್ಕೆ ನೇತುಹಾಕಿದರೆ ಬೆಳಿಗ್ಗೆ ಹೊತ್ತಿಗೆ ಹೊಸ ಸೈಕಲ್ಲು.

ಶಾಪು ಮುಚ್ಚಿ ಹತ್ತು ವರ್ಷದ ಮೇಲಾಯಿತು. ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಸೈಕಲ್ ತೋರಿಸಿದೆ.

"ಯಾವ ಕಂಪನಿದಮ್ಮ?"

"ಪ್ಯೂಜೊ ಅಪ್ಪ."

"ಪೂಜೆ?"

"ಪ್ಯೂ-ಜೊ."

"ಸರಿ ಬಿಡು, ಪೂಜೆ. ಕ್ಯಾರಿಯರ್ ಎಲ್ಲಿ? ಸ್ಟ್ಯಾಂಡ್ ಎಲ್ಲಿ? ಮಡ್‌ಗಾರ್ಡ್ ಇಲ್ಲ, ಚೈನ್ ಕವರ್ ಇಲ್ಲ. ಇದರಲ್ಲಿ ಏನು ಸಾಗಿಸ್ತಾರೆ?"

ಏನೂ ಸಾಗಿಸಲ್ಲ, ಸುಮ್ನೆ ತುಳೀತಾರೆ ಅಂದೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹತ್ತಿರ ಹಿಡಿ. ಇನ್ನೂ ಹತ್ತಿರ. ಇದು ಕಂಪನಿ ಬಣ್ಣ ಅಲ್ಲ ಕಣಮ್ಮ. ಕುಂಚದ ಗೆರೆ ಕಾಣ್ತಿದೆ" ಅಂದರು.

ಅಪ್ಪ, ಐವತ್ತು ವರ್ಷದ ಸೈಕಲ್ಲು, ನಿಮ್ಮ ಫೋನಿನಲ್ಲಿ ನೆಟ್ವರ್ಕ್ ಸರಿ ಇಲ್ಲ ಅಂತ ಮಾತು ಮುಗಿಸಿದೆ. ಈ ಮಾತು ನೆನಪಿರಲಿ.

ಇಲ್ಲಿ ನಮ್ಮ ಬಡಾವಣೆಯ ಹತ್ತಿರ ಒಂದು ಸಂಘದವರ ಸೈಕಲ್ ಕಾರ್ಯಾಗಾರ ಇದೆ. ವರ್ಷಕ್ಕೆ ಇಷ್ಟು ಅಂತ ಚಂದಾ ಕಟ್ಟಿದರೆ ಅವರ ಹತ್ಯಾರಗಳನ್ನು ಬಳಸಿ ನಮ್ಮ ಸೈಕಲ್ಲನ್ನು ನಾವೇ ರಿಪೇರಿ ಮಾಡಿಕೊಳ್ಳಬಹುದು. ಗೊತ್ತಾಗದಿದ್ದರೆ ಹೇಳಿಕೊಡಲು ಹುಡುಗರಿರುತ್ತಾರೆ. ಫ್ರಾನ್ಸಿನ ಎಷ್ಟೋ ಊರುಗಳಲ್ಲಿ ಇಂಥವು ಇವೆ. ಬುಧವಾರ ಸಂಜೆ ಮತ್ತು ಶನಿವಾರ ಇವರು ತೆರೆಯುತ್ತಾರೆ.

ಮೊದಲ ಶನಿವಾರವೇ ಮಾನ ಹೋಯಿತು.

ಪೆಡಲ್ ಅಚ್ಚು ಕೂರುವ ಜಾಗಕ್ಕೆ ನಮ್ಮ ಶಾಪಿನಲ್ಲಿ ಬಿಬಿ ಅನ್ನುತ್ತಿದ್ದೆವು. ಅದರ ಎರಡೂ ಕಡೆ ಒಂದೊಂದು ಕಪ್. ಬಲಗಡೆ ಕಪ್ ಉಲ್ಟಾ ತಿರುಪು ಅನ್ನೋದು ಸೈಕಲ್ ಶಾಪಿನ ಮಕ್ಕಳಿಗೆ ಮಗ್ಗಿಗಿಂತ ಮೊದಲು ಬರುವ ಪಾಠ. ಬಿಚ್ಚಬೇಕಾದರೆ ಗಡಿಯಾರದ ಮುಳ್ಳು ಹೋಗುವ ಕಡೆಗೇ ತಿರುಗಿಸಬೇಕು. ನಾನು ದೊಡ್ಡ ಸ್ಪ್ಯಾನರ್ ಹಾಕಿ, ಕಾಲು ಕೊಟ್ಟು ತಿರುಗಿಸಿದೆ. ಜಗ್ಗಲಿಲ್ಲ. ಎಣ್ಣೆ ಬಿಟ್ಟು, ಹತ್ತು ನಿಮಿಷ ಬಿಟ್ಟು, ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಮತ್ತೆ ತಿರುಗಿಸಿದೆ. ಸೈಕಲ್ಲೇ ಸ್ಟ್ಯಾಂಡಿನಿಂದ ಮೇಲೆದ್ದಿತು. ಪಕ್ಕದಲ್ಲಿ ಪಂಚರ್ ಹಾಕುತ್ತಿದ್ದ ಹುಡುಗ ನೋಡಿಯೇ ನೋಡಿದ. ಕೊನೆಗೆ ಬಹಳ ವಿನಯದಿಂದ, "ಮದಾಮ್, ಇದು ಫ್ರೆಂಚ್ ಸೈಕಲ್ಲು" ಅಂದ.

ಫ್ರೆಂಚ್ ಸೈಕಲ್ಲಿನಲ್ಲಿ ಬಲಗಡೆ ಕಪ್ ಉಲ್ಟಾ ಅಲ್ಲ. ಎರಡೂ ಕಡೆ ಮಾಮೂಲಿ ತಿರುಪು. ನಾನು ಅರ್ಧ ಗಂಟೆಯಿಂದ ಮೈ ಬೆವರಿಳಿಸಿ ಅದನ್ನು ಇನ್ನಷ್ಟು ಬಿಗಿ ಮಾಡುತ್ತಿದ್ದೆ.

ಇದರ ಹಿಂದೆ ಒಂದು ಕಥೆ ಇದೆ. ಪೆಡಲ್ ತುಳಿಯುತ್ತಿದ್ದ ಹಾಗೆ ಅಚ್ಚು ಒಂದು ಕಡೆ ತಿರುಗುತ್ತದೆ, ಒಳಗಿನ ಬಾಲ್ಸ್ ಕಪ್ಪನ್ನು ಸ್ವಲ್ಪಸ್ವಲ್ಪವೇ ಇನ್ನೊಂದು ಕಡೆ ತಳ್ಳುತ್ತವೆ. ಬಲಗಡೆ ಮಾಮೂಲಿ ತಿರುಪು ಇದ್ದರೆ ಅದು ತಾನೇ ಬಿಚ್ಚಿಕೊಳ್ಳುವ ದಿಕ್ಕು. ಅದಕ್ಕೇ ಬ್ರಿಟಿಷರು ಅಲ್ಲಿ ಉಲ್ಟಾ ತಿರುಪು ಮಾಡಿದರು. ನಮ್ಮ ದೇಶದ ಸೈಕಲ್ಲುಗಳು ರಾಲಿ, ಹರ್ಕ್ಯುಲಿಸ್, ಬಿಎಸ್‌ಎ ಸಂತಾನ, ಹಾಗಾಗಿ ಅರಸೀಕೆರೆಯಲ್ಲೂ ಅದೇ. ಫ್ರೆಂಚರೋ ತಮ್ಮದೇ ಅಳತೆ ಬಿಡಲಿಲ್ಲ. ಕಪ್ 35 ಮಿಲಿಮೀಟರ್, ತಿರುಪಿನ ಎಳೆಗಳ ಅಂತರ 1 ಮಿಲಿಮೀಟರ್. ಪೆಡಲ್ಲಿನ ತಿರುಪು 14 ಮಿಲಿಮೀಟರ್, ಉಳಿದ ಕಡೆ 9/16 ಇಂಚು. ಹ್ಯಾಂಡಲ್ ಹಿಡಿಯುವ ಸ್ಟೆಮ್ 22 ಮಿಲಿಮೀಟರ್, ಉಳಿದವರದು 22.2. ಹೀಗೇ ಎಲ್ಲಾ ಕಡೆ ಕೂದಲೆಳೆ ವ್ಯತ್ಯಾಸ. ಕಣ್ಣಿಗೆ ಒಂದೇ ಥರ ಕಾಣುತ್ತದೆ, ಕೈಗೆ ಕೂರುವುದಿಲ್ಲ. 1980ರ ದಶಕದಲ್ಲಿ ಅವರೂ ಕೈಬಿಟ್ಟು ಎಲ್ಲರ ದಾರಿಗೆ ಬಂದರು. ಅದರಿಂದ ಹಳೆ ಫ್ರೆಂಚ್ ಸೈಕಲ್ಲಿಗೆ ಹೊಸ ಸಾಮಾನು ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಇಂಥ ಸೈಕಲ್ಲನ್ನು ರಿಸ್ಟೋರ್ ಮಾಡಬೇಕೋ ಬೇಡವೋ ಅನ್ನುವ ಪ್ರಶ್ನೆಯಲ್ಲಿ ಬಣ್ಣಕ್ಕಿಂತ ದೊಡ್ಡ ಪಾಲು ಇದರದ್ದು. ಒಂದು ಕಪ್ ಹಾಳಾದರೆ ವಾರಗಟ್ಟಲೆ ಹುಡುಕಾಟ.

ನನ್ನ ಪುಣ್ಯ, ಬಿಚ್ಚಿ ನೋಡಿದಾಗ ಎರಡೂ ಕಪ್ ಚೆನ್ನಾಗಿದ್ದವು. ಗ್ರೀಸು ಮಾತ್ರ ಒಣಗಿ ಆಲೆಮನೆ ಬೆಲ್ಲದ ಹಾಗೆ ಆಗಿತ್ತು.

ಕಾಟರ್ ಪಿನ್ನಿನ ವಿಷಯದಲ್ಲಿ ನನ್ನ ಮಾನ ಸ್ವಲ್ಪ ವಾಪಸ್ ಬಂತು, ಆಮೇಲೆ ಮತ್ತೆ ಹೋಯಿತು. ಅಲ್ಲಿನ ಹುಡುಗರು ಪಿನ್ ಅಂದರೆ ಹೆದರುತ್ತಾರೆ. ಅದಕ್ಕೆ ಇಲ್ಲಿ ಕ್ಲಾವೆತ್ ಅಂತ ಹೆಸರು. ಒತ್ತಿ ತೆಗೆಯಲು ಒಂದು ಯಂತ್ರ ಇದೆ, ಅದನ್ನು ಹುಡುಕಲು ಹೋದರು. ನಾನು ಅಷ್ಟರಲ್ಲಿ ಒಂದು ಕಬ್ಬಿಣದ ಪೈಪ್ ತುಂಡನ್ನು ಕ್ರ್ಯಾಂಕಿನ ಕೆಳಗೆ ನೆಲಕ್ಕೆ ಆನಿಸಿ ನಿಲ್ಲಿಸಿದೆ. ಏಟು ಬಾಲ್ಸಿಗೆ ಹೋಗದೆ ನೆಲಕ್ಕೆ ಹೋಗಬೇಕು. ನಟ್ಟನ್ನು ಪಿನ್ನಿನ ತುದಿಗೆ ಸಮ ಬರುವಷ್ಟು ಸಡಿಲಿಸಿ, ಅದರ ಮೇಲೆ ಒಂದೇ ಏಟು. ಹತ್ತು ಸಣ್ಣ ಏಟು ಹಾಕಿದರೆ ಪಿನ್ನಿನ ತಲೆ ಅಣಬೆಯಾಗುತ್ತದೆ, ಆಮೇಲೆ ದೇವರೇ ಗತಿ. ಠಣ್ ಅಂತ ಬಲಗಡೆದು ಬಂತು. ಹುಡುಗರು ಚಪ್ಪಾಳೆ ತಟ್ಟಿದರು. ಆ ಖುಷಿಯಲ್ಲಿ ಎಡಗಡೆಗೆ ಎರಡು ಏಟು ಹಾಕಿದೆ. ಅದು ಬಾಗಿತು. ಡ್ರಿಲ್ ಹಾಕಿ ತೆಗೆಯಲು ಇನ್ನೂ ಒಂದು ಬುಧವಾರ ಹಿಡಿಯಿತು.

ಡಿಸೆಂಬರಿನಲ್ಲಿ ಊರಿಗೆ ಹೋದವಳು ಅಪ್ಪನ ಅಟ್ಟದ ಮೇಲಿನ ತಗಡಿನ ಡಬ್ಬಿಯಿಂದ ಹತ್ತು ಹೊಸ ಪಿನ್ ಆರಿಸಿಕೊಂಡು, ಚಟ್ನಿಪುಡಿ ಜೊತೆ ಸೂಟ್‌ಕೇಸಿಗೆ ಹಾಕಿ ತಂದೆ. ಬುಧವಾರ ಎಲ್ಲರೆದುರು ಹೆಮ್ಮೆಯಿಂದ ತೆಗೆದೆ. ಒಂದೂ ತೂರಲಿಲ್ಲ. ಅಪ್ಪನ ಪಿನ್ 9.5 ಮಿಲಿಮೀಟರ್, ಬ್ರಿಟಿಷ್ ಅಳತೆ. ಫ್ರೆಂಚ್ ಪಿನ್ 9. ಅರ್ಧ ಮಿಲಿಮೀಟರಿಗಾಗಿ ಏಳು ಸಾವಿರ ಕಿಲೋಮೀಟರಿಗಿಂತ ಜಾಸ್ತಿ ದೂರ ಹೊತ್ತು ತಂದ ಹಾಗಾಯಿತು. ಕಾರ್ಯಾಗಾರದ ಶೆಲ್ಫಿನಲ್ಲಿ ಜಾಮ್ ಬಾಟಲಿ ತುಂಬಾ ಒಂಬತ್ತರ ಪಿನ್ನುಗಳಿದ್ದವು, ಪುಕ್ಕಟೆ.

ಇಷ್ಟರಲ್ಲಿ ಸೈಕಲ್ಲಿನ ಬಗ್ಗೆ ಎಲ್ಲರಿಗೂ ಒಂದೊಂದು ಅಭಿಪ್ರಾಯ ಬಂದಿತ್ತು. ಪಂಚರ್ ಹುಡುಗನಿಗೆ ಗೇರು ಕಿತ್ತುಹಾಕಿ ಒಂದೇ ಗೇರಿನ ಸೈಕಲ್ ಮಾಡಬೇಕು. ಕಾರ್ಯಾಗಾರದ ಗಡ್ಡದವರಿಗೆ ಅದನ್ನು ಕಂಪನಿಯಿಂದ ಬಂದ ಹಾಗೆ ಮಾಡಿ, ಹಳೆ ಕಾಲದ ಉಣ್ಣೆ ಅಂಗಿ ಹಾಕಿಕೊಂಡು ಸೊಮೂರ್ ಅನ್ನುವ ಊರಿನ ಆಂಜು ವೆಲೋ ವಿಂಟೇಜ್ ಜಾತ್ರೆಗೆ ಹೋಗಬೇಕು. ಹಳೆ ಸೈಕಲ್ಲು, ಹಳೆ ಬಟ್ಟೆ, ಮೀಸೆ ತಿರುವಿಕೊಂಡ ಗಂಡಸರು, ದ್ರಾಕ್ಷಿ ತೋಟದ ನಡುವೆ ಮೆರವಣಿಗೆ. ಸೀರೆ ಉಟ್ಟು ಹೋದರೆ ನಡೆಯುತ್ತಾ ಅಂತ ಕೇಳಿದೆ. ಅವರು ಗಂಭೀರವಾಗಿ ಯೋಚಿಸಿ, ಚೈನ್ ಕವರ್ ಇಲ್ಲ, ಅಪಾಯ ಅಂದರು. ಅವರ ಮಾತು ಸರಿ.

ನಾನು ಗಡ್ಡದವರ ಪಕ್ಷದಲ್ಲಿದ್ದೆ. ಲೆಕ್ಕ ಹಾಕಿದೆ. ಮರಳು ಹೊಡೆದು ಹಳೆ ಬಣ್ಣ ಕೆತ್ತಿ ಹೊಸದು ಹೊಡೆಯಲು ಒಬ್ಬರು 140 ಯೂರೋ ಹೇಳಿದರು. ಸ್ಟಿಕ್ಕರ್ ಮಾಡಿಸಿದರೆ 40. ಹ್ಯಾಂಡಲ್, ಕ್ರ್ಯಾಂಕಿಗೆ ಕ್ರೋಮ್ ಅಂದಾಗ ಫೋನಿನ ಆ ಕಡೆ ನಿಟ್ಟುಸಿರು ಕೇಳಿಸಿತು. ಕ್ರೋಮ್ ತೊಟ್ಟಿಯಲ್ಲಿ ಬಳಸುವ ಕ್ರೋಮಿಯಂ ಟ್ರೈಆಕ್ಸೈಡ್ ಕ್ಯಾನ್ಸರ್ ತರುವಂಥದ್ದು. 2017ರಿಂದ ಯುರೋಪಿನಲ್ಲಿ ವಿಶೇಷ ಅನುಮತಿ ಇಲ್ಲದೆ ಅದನ್ನು ಬಳಸುವ ಹಾಗಿಲ್ಲ. ಮಾಡುವವರು ಕಮ್ಮಿ, ಮಾಡಿದವರು ಕೇಳಿದ್ದೇ ಬೆಲೆ. ಟೈರು, ಟ್ಯೂಬು, ಕೇಬಲ್ಲು, ಬ್ರೇಕಿನ ರಬ್ಬರು ಎಲ್ಲಾ ಸೇರಿ 500 ಯೂರೋ ದಾಟಿತು. ಪೂರ್ತಿ ರಿಪೇರಿಯಾದ ಇಂಥದೇ ಸೈಕಲ್ಲು ಹಳೆ ಸಾಮಾನಿನ ಆ್ಯಪ್‌ನಲ್ಲಿ ನಾನು ನೋಡಿದ ಹಾಗೆ 150ಕ್ಕೆ ಸಿಗುತ್ತದೆ.

ಅಪ್ಪನಿಗೆ ಈ ಲೆಕ್ಕ ಹೇಳಿದೆ. ಅವರು ರೂಪಾಯಿಗೆ ಗುಣಿಸಿಕೊಳ್ಳಲು ಒಂದು ಕ್ಷಣ ತಗೊಂಡರು. "ಬಣ್ಣ ಗಿರಾಕಿಗೆ ಕಣಮ್ಮ, ಗ್ರೀಸು ಸೈಕಲ್ಲಿಗೆ. ಇಲ್ಲಿ ಗಿರಾಕಿ ಯಾರು?"

ಗಿರಾಕಿ ನಾನೇ. ಅದೇ ತೊಂದರೆ.

ನಡುವೆ ಒಂದು ಸಂಜೆ ಸ್ಟೆಮ್ ಹೊರಗೆಳೆದೆ. ಅಲ್ಯೂಮಿನಿಯಂದು. ಕೆಳಗೆ ಸೀಳು ಬಿಟ್ಟ ಜಾಗ ಇರುತ್ತದಲ್ಲ, ಬೋಲ್ಟ್ ಬಿಗಿ ಮಾಡಿದರೆ ಅಗಲವಾಗಿ ಫೋರ್ಕಿನ ಒಳಗೆ ಕಚ್ಚಿಕೊಳ್ಳುವ ಭಾಗ, ಅಲ್ಲಿ ಒಂದು ಗೆರೆ. ಕೊಳೆ ಅಂದುಕೊಂಡು ಒರೆಸಿದೆ. ಹೋಗಲಿಲ್ಲ. ಉಗುರು ಆಡಿಸಿದೆ, ಉಗುರು ಸಿಕ್ಕಿಕೊಂಡಿತು. ಬಿರುಕು. ಅಜ್ಜ ಇದರ ಮೇಲೆ ಎಷ್ಟು ಇಳಿಜಾರು ಇಳಿದಿದ್ದಾರೋ. ಸ್ಟೆಮ್ ಮುರಿದರೆ ಹ್ಯಾಂಡಲ್ ಕೈಯಲ್ಲೇ ಉಳಿಯುತ್ತದೆ, ಸೈಕಲ್ಲು ತನ್ನ ದಾರಿ ನೋಡಿಕೊಳ್ಳುತ್ತದೆ. ಅವತ್ತು ಮನೆಗೆ ಬಂದು ಕ್ರೋಮಿನ ಬಗ್ಗೆ ಮಾತಾಡಲು ಮನಸ್ಸಾಗಲಿಲ್ಲ. ಹಳೆಯದು ಅಂದರೆ ಬರೀ ಚೆಂದ ಅಲ್ಲ, ಸುಸ್ತಾದದ್ದು ಕೂಡ.

ಬಣ್ಣದ ಪ್ರಶ್ನೆ ಮಾತ್ರ ಉಳಿದಿತ್ತು. ಮೇಲಿನ ಕೊಳವೆಯ ನಡುವೆ ಅಂಗೈ ಅಗಲ ಬಣ್ಣ ಸವೆದು, ಕೆಳಗೆ ಕೆಂಪು-ಕಿತ್ತಳೆ ಕಾಣುತ್ತಿತ್ತು. ತುಕ್ಕು ಬರದ ಹಾಗೆ ಕೆಳಗೆ ಬಳಿಯುವ ಪ್ರೈಮರ್ ಅಂದುಕೊಂಡೆ. ಇಲ್ಲಿ ಏನೋ ಕೂತಿತ್ತು ಅಂತ ಮನಸ್ಸಿಗೆ ಬಂತು. ಮಗುವಿನ ಪುಟ್ಟ ಸೀಟು? ಅಪ್ಪ ನನ್ನನ್ನು ಮುಂದಿನ ಬಾರಿನ ಮೇಲೆ ಟವೆಲ್ ಸುತ್ತಿ ಕೂರಿಸಿಕೊಂಡು ಶಾಲೆಗೆ ಬಿಡುತ್ತಿದ್ದರು. ವಿಲ್‌ಫ್ರಾಂಶ್‌ನ ಮಗಳು ಇದೇ ಜಾಗದಲ್ಲಿ ಕೂತು ಶಾಲೆಗೆ ಹೋಗಿರಬೇಕು. ಇಂಥ ಗುರುತನ್ನು ಮರಳು ಹೊಡೆದು ಅಳಿಸುವುದಾ? ಒಂದು ವಾರ ಇದೇ ಗುಂಗಿನಲ್ಲಿದ್ದೆ. ಒರಿಜಿನಲ್ ಬಣ್ಣ, ಒರಿಜಿನಲ್ ಗುರುತು, ಮುಟ್ಟಬಾರದು ಅಂತ ಗಂಡನಿಗೆ ಭಾಷಣ ಮಾಡಿದೆ. ಅವರು ಪಾತ್ರೆ ತೊಳೆಯುತ್ತಾ ಕೇಳಿಸಿಕೊಂಡರು.

ಫೆಬ್ರವರಿಯ ಒಂದು ಭಾನುವಾರ ರೈಲು ಹತ್ತಿ ವಿಲ್‌ಫ್ರಾಂಶ್‌ಗೆ ಹೋದೆ. ಅರ್ಧ ಗಂಟೆಯ ದಾರಿ. ಅಜ್ಜ ಊಟದ ಹಾಲಿನಲ್ಲಿ ಕಿಟಕಿ ಪಕ್ಕ ಕೂತಿದ್ದರು. ಫೋನಿನಲ್ಲಿ ಫೋಟೋ ತೋರಿಸಿ, ಈ ಸವೆದ ಜಾಗದಲ್ಲಿ ಏನಿತ್ತು ಅಂತ ಕೇಳಿದೆ.

ಕನ್ನಡಕ ಮೇಲೆತ್ತಿ ನೋಡಿದರು. "ನೀರಿನ ಪೈಪು."

"ಏನು?"

"ನೆಲಮಾಳಿಗೆಯಲ್ಲಿ ಪೈಪಿಗೆ ಒರಗಿಸಿದ್ದೆನಲ್ಲ. ಮೇಲಿನವರು ನಲ್ಲಿ ತಿರುಗಿಸಿದಾಗಲೆಲ್ಲ ಪೈಪು ನಡುಗುತ್ತದೆ. ಮೂವತ್ತು ವರ್ಷ ಉಜ್ಜಿದೆ." ಆಮೇಲೆ ಇನ್ನೊಮ್ಮೆ ನೋಡಿ ನಕ್ಕರು. "ನೋಡಿ, ಕಿತ್ತಳೆ ಬಣ್ಣ ಆಚೆ ಬಂದಿದೆ. ಅದೇ ಮೊದಲಿನ ಬಣ್ಣ. ಕೊಂಡಾಗ ಕಿತ್ತಳೆ ಇತ್ತು. ನನ್ನ ಹೆಂಡತಿಗೆ ಇಷ್ಟ ಇರಲಿಲ್ಲ, ರಸ್ತೆ ರಿಪೇರಿಯವರ ಹಾಗೆ ಕಾಣ್ತೀಯ ಅನ್ನೋಳು. ಲಾರಿಗೆ ಬಳಿದು ಉಳಿದ ನೀಲಿ ಬಣ್ಣ ಒಂದು ಡಬ್ಬ ಸಿಕ್ಕಿತು. ನಾನೇ ಕುಂಚದಲ್ಲಿ ಬಳಿದೆ. ಎರಡು ಕೋಟು."

ಕುಂಚದಲ್ಲಿ. ಸ್ಟಿಕ್ಕರುಗಳು ಯಾಕಿಲ್ಲ ಅನ್ನೋದೂ ಆಗ ಗೊತ್ತಾಯಿತು. ಅವು ಉದುರಿರಲಿಲ್ಲ, ನೀಲಿಯ ಅಡಿಯಲ್ಲಿದ್ದವು. ಸೈಕಲ್ ಶಾಪಿನ ಮಗಳಾಗಿ, ಆಯುಧಪೂಜೆಗೆ ನೂರು ಸೈಕಲ್ಲಿಗೆ ಬಣ್ಣ ಬಳಿಯೋದನ್ನು ನೋಡಿದವಳಾಗಿ, ಕೈಯಲ್ಲಿ ಹಿಡಿದರೂ ನನಗೆ ಕಾಣಲಿಲ್ಲ. ಅಪ್ಪನಿಗೆ ಅರಸೀಕೆರೆಯ ನೆಟ್ವರ್ಕಿನಲ್ಲಿ ಕಂಡಿತ್ತು. ಸಂಜೆ ರೈಲಿನಿಂದಲೇ ಫೋನ್ ಮಾಡಿ ಹೇಳಿದೆ. ಅಪ್ಪ ಗೆದ್ದೆ ಅಂತ ಏನೂ ತೋರಿಸಿಕೊಳ್ಳಲಿಲ್ಲ. "ಎಮರಿ ಸರಿಯಾಗಿ ಹಾಕಿಲ್ಲ ಅವರು, ಅದಕ್ಕೇ ಎದ್ದಿದೆ" ಅಂದರು ಅಷ್ಟೇ.

ಈಗ ಹೇಳಿ, ರಿಸ್ಟೋರ್ ಅಂದರೆ ಯಾವ ಬಣ್ಣಕ್ಕೆ? ಕಂಪನಿ ಕೊಟ್ಟ ಕಿತ್ತಳೆಗಾ, ಅಜ್ಜಿ ಒಪ್ಪದ್ದು ಅದು. ನೀಲಿಗಾ, ಕಂಪನಿ ಕೊಡದ್ದು ಅದು. ಮರಳು ಹೊಡೆದರೆ ಎರಡೂ ಹೋಗುತ್ತವೆ, ಮೂರನೆಯದು ಬರುತ್ತದೆ, ಅದಕ್ಕೆ ನಾನು 140 ಯೂರೋ ಕೊಟ್ಟಿರುತ್ತೇನೆ. ಮಗುವಿನ ಸೀಟಿನ ಕಥೆ ಸುಳ್ಳಾದದ್ದು ಒಳ್ಳೆಯದೇ ಆಯಿತು. ಅದು ನಿಜವಾಗಿದ್ದರೆ ನಾನು ಸೈಕಲ್ಲನ್ನು ನಿಜವಾಗಿಯೂ ಚಾವಣಿಗೆ ನೇತುಹಾಕಿ ದಿನಾ ನೋಡುತ್ತಾ ಕೂತಿರುತ್ತಿದ್ದೆ.

ಬಣ್ಣ ಹೊಡೆಸಲಿಲ್ಲ. ಸವೆದ ಜಾಗಕ್ಕೆ ತೆಳುವಾಗಿ ಮೇಣ ಉಜ್ಜಿದ್ದೇನೆ. ಕ್ರೋಮಿನ ಮೇಲಿನ ತುಕ್ಕನ್ನು ಅಲ್ಯೂಮಿನಿಯಂ ಹಾಳೆ ಉಂಡೆ ಮಾಡಿ, ನೀರಿನಲ್ಲಿ ಅದ್ದಿ ತಿಕ್ಕಿದೆ, ಬಂದಷ್ಟು ಬಂತು. ಅಮ್ಮ ಹುಣಸೆಹಣ್ಣು ಹಾಕು ಅಂದಿದ್ದರು, ಇಲ್ಲಿ ಹುಣಸೆಹಣ್ಣಿನ ಬೆಲೆ ನೋಡಿದರೆ ಅದು ಸಾರಿಗೇ ಇರಲಿ.

ಸ್ಟೆಮ್ ಬದಲಾಯಿಸಿದೆ. ಕಾರ್ಯಾಗಾರದ ಗುಡ್ಡೆಯಿಂದ 22.2ರದ್ದೊಂದು ತಗೊಂಡು, ವೈಸಿನಲ್ಲಿ ಹಿಡಿದು, ಸುತ್ತ ಎಮರಿ ಪೇಪರ್ ಎಳೆದು 22ಕ್ಕೆ ಇಳಿಸಲು ಎರಡು ಸಂಜೆ ಬೇಕಾಯಿತು. ಎರಡನೇ ಬದಲಾವಣೆ ಚಕ್ರ. ಹಳೆ ರಿಮ್ ಕ್ರೋಮ್ ಹಾಕಿದ ಉಕ್ಕಿನದು. ಮಳೆ ಬಂದಾಗ ಉಕ್ಕಿನ ರಿಮ್ಮಿಗೆ ಬ್ರೇಕ್ ಹಿಡಿಯುವುದು ಅಷ್ಟಕ್ಕಷ್ಟೇ, ನಮ್ಮ ಗುಡ್ಡ ಇಳಿದರೆ ಕೆಳಗೆ ನದಿ. 25 ಯೂರೋ ಕೊಟ್ಟು ಅದೇ ಕಾಲದ ಅಲ್ಯೂಮಿನಿಯಂ ರಿಮ್ಮಿನ ಚಕ್ರಗಳನ್ನು, ಫ್ರೀವೀಲ್ ಸಮೇತ, ಹಾಕಿಕೊಂಡೆ. ಹಿಂದಿನ ಚಕ್ರ ಸ್ವಲ್ಪ ಅಗಲ, ಫ್ರೇಮನ್ನು ಕೈಯಿಂದ ಅಗಲಿಸಿ ಕೂರಿಸಬೇಕು. ಉಕ್ಕಿನ ಫ್ರೇಮ್, ಬಗ್ಗುತ್ತದೆ. ಹಳೆ ಚಕ್ರ ನೆಲಮಾಳಿಗೆಯಲ್ಲಿದೆ.

ಮಫಾಕ್ ಕಂಪನಿಯ ಬ್ರೇಕು ಹಾಗೇ ಉಳಿಯಿತು. ಕ್ಲೆರ್ಮೊನ್-ಫೆರ್ರಾನ್‌ನಲ್ಲಿ ಮಾಡಿದ್ದು, ಹೊಸ ರಬ್ಬರು ಹಾಕಿದ ಮೇಲೆ ಚೆನ್ನಾಗಿ ಹಿಡಿಯುತ್ತದೆ, ಹಿಡಿಯುವಾಗ ಹೋತದ ಹಾಗೆ ಕೂಗುತ್ತದೆ. ಬೆಲ್ ಬೇಕಾಗಿಲ್ಲ. ಗೇರು ಬದಲಿಸುವ ಸಿಂಪ್ಲೆಕ್ಸ್ ಡಿರೇಲರ್ ದಿಜೋನ್ ಊರಿನದು, ಡೆಲ್ರಿನ್ ಅನ್ನುವ ಪ್ಲಾಸ್ಟಿಕ್ಕಿನಲ್ಲಿ ಮಾಡಿದ್ದು. 1960ರ ದಶಕದಲ್ಲಿ ಅದು ಹೊಸ ವಿಸ್ಮಯವಾಗಿತ್ತು. ಹಳೆ ಪ್ಲಾಸ್ಟಿಕ್, ಯಾವಾಗ ಬೇಕಾದರೂ ಬಿರುಕು ಬಿಡಬಹುದು ಅಂತ ಗಡ್ಡದವರು ಹೇಳುತ್ತಾರೆ. ಬಿಟ್ಟರೆ ಬಿಡಲಿ, ಡಿರೇಲರ್ ಹೋದರೆ ಬಹುಮಟ್ಟಿಗೆ ನಡೆದು ಮನೆಗೆ ಬರಬೇಕಾಗುತ್ತದೆ, ಸ್ಟೆಮ್ ಹೋದರೆ ಹಾಗಲ್ಲ. ನಾನು ಗೆರೆ ಎಳೆದುಕೊಂಡದ್ದು ಅಲ್ಲಿ. ಎಲ್ಲಾ ಸೇರಿ ಖರ್ಚಾದದ್ದು 118 ಯೂರೋ, ಜೊತೆಗೆ ಒಂದು ಬೆರಳಿನ ಉಗುರು.

ಕಳೆದ ಭಾನುವಾರ ಬೆಳಿಗ್ಗೆ ಸೋನ್ ನದಿ ಪಕ್ಕದಲ್ಲಿ ಉತ್ತರಕ್ಕೆ, ನೂವಿಲ್‌ವರೆಗೂ ಹೋಗಿ ಬಂದೆ. ಗೇರು ಬದಲಿಸಲು ಹ್ಯಾಂಡಲಿನಿಂದ ಕೈ ತೆಗೆದು ಕೆಳಗಿನ ಕೊಳವೆಯ ಮೇಲಿರುವ ಹಿಡಿ ತಿರುಗಿಸಬೇಕು. ಅಲ್ಲಿ ಕಟಕಟ ಅಂತ ನಿಲ್ಲುವ ಹಲ್ಲಿಲ್ಲ, ಕಿವಿಗೊಟ್ಟು ಕೇಳಿ, ಚೈನು ಗೊಣಗೋದು ನಿಲ್ಲುವ ತನಕ ಸರಿಸಬೇಕು. ಎರಡು ಸಲ ತಪ್ಪಿತು, ಆಮೇಲೆ ಕೈಗೆ ಬಂತು. ನನ್ನನ್ನು ದಾಟಿ ಹೋದ ಕಾರ್ಬನ್ ಸೈಕಲ್ಲಿನವರಲ್ಲಿ ಇಬ್ಬರು ಬೋಂಜೂರ್ ಅಂದರು. ಒಬ್ಬರು ನನಗಲ್ಲ, ಸೈಕಲ್ಲಿಗೆ.

ವಾಪಸ್ ಬರುವಾಗ ಎಡಗಾಲು ಕೆಳಗೆ ಬಂದಾಗಲೆಲ್ಲ ಟಕ್ ಅಂತ ಒಂದು ಸದ್ದು ಶುರುವಾಯಿತು. ಎಡಗಡೆ ಪಿನ್ನೇ. ಅದರ ಬದಿಗೆ ಅರದಲ್ಲಿ ಉಜ್ಜಿದ ಇಳಿಜಾರು ಸರಿಯಾಗಿ ಕೂತಿಲ್ಲ. ಬುಧವಾರ ಕಾರ್ಯಾಗಾರ ಆರು ಗಂಟೆಗೆ ತೆರೆಯುತ್ತದೆ. ಜಾಮ್ ಬಾಟಲಿಯಲ್ಲಿ ಇನ್ನೂ ಪಿನ್ನುಗಳಿವೆ.